ಆರೇ ನಿಮಿಷದಲ್ಲಿ ಕ್ಲೌಡ್ ಎಬ್ಬಿಸಿದ ಅಚಾತುರ್ಯದ ಕುರಿತು

ಸಂಖ್ಯೆ: ಸವಿ/ಮುಕ್ತ/ಕ್ಲೌಡ್/19/ತುರ್ತು (ಎರಡನೇ ವರ್ಷ)

ಸರಳೀಕರಣ ವಿಭಾಗ, ಮೂರನೇ ಮಹಡಿ (ಲಿಫ್ಟ್ ಇಲ್ಲ)

ವಿಷಯ: ಮುಕ್ತ ತಂತ್ರಾಂಶದ ಕ್ಲೌಡ್ ಸ್ಥಾಪನೆಯ ಸರಳೀಕರಣವು ಅತಿಯಾಗದಂತೆ ತಡೆಯುವ ಬಗ್ಗೆ.

ಉಲ್ಲೇಖ: ಜನನ ದಾಖಲೆ ಕೊಠಡಿಯ ಮುಂದಿನ ಸರತಿ ಸಾಲು ಕಾಣೆಯಾಗಿದೆ ಎಂಬ ಕಾವಲುಗಾರರ ದೂರು.

ಜನನ ದಾಖಲೆಗಳನ್ನು ಕ್ಲೌಡ್‌ಗೆ ಏರಿಸಲು ನಾನೂರು ಪುಟಗಳ ಕೈಪಿಡಿಯಿದ್ದು, ಅದನ್ನು ಸರಳಗೊಳಿಸುವ ಸಮಿತಿಯು ಎರಡು ವರ್ಷಗಳಲ್ಲಿ ಮುಖಪುಟದ ಬಣ್ಣದವರೆಗೆ ತಲುಪಿತ್ತು; ಅದು ಮುಗಿಯುವವರೆಗೆ ಜನನ ಪ್ರಮಾಣಪತ್ರ ನೀಡಿಕೆ ಸ್ಥಗಿತವಾಗಿತ್ತು. ಹೀಗಿರುವಲ್ಲಿ, ಕಳೆದ ತಿಂಗಳು ಒಬ್ಬ ಅಜ್ಜಿ ಕಿಟಕಿಗೆ ಬಾಗಿ ಕಿರಿಯ ತಂತ್ರಜ್ಞೆಗೆ, "ಮಗು ಹುಟ್ಟೋಕೆ ಒಂಬತ್ತು ತಿಂಗಳು ಸಾಕಾಯ್ತು ಕಣಮ್ಮ. ಹುಟ್ಟಿದೆ ಅಂತ ಕಾಗದ ಕೊಡೋಕೆ ಹನ್ನೊಂದು ತಿಂಗಳಾ? ನಾಡಿದ್ದು ಅದಕ್ಕೆ ಆಪರೇಷನ್ನು. ಕಾಗದ ಇಲ್ದೆ ಸೇರಿಸ್ಕೊಳ್ಳಲ್ವಂತೆ" ಎಂದರು. ತಂತ್ರಜ್ಞೆಯ ಕರುಳು ಚುರುಕ್ ಎಂದಿತು. (ಸೇವಾ ನಿಯಮಗಳಲ್ಲಿ ಇದಕ್ಕೆ ಅವಕಾಶವಿಲ್ಲ.)

ಆಕೆ ಅದಾಗಲೇ ಮೂರು ತಿಂಗಳ ಊಟದ ವಿರಾಮಗಳಲ್ಲಿ ಪೂರ್ವಾನುಮತಿಯಿಲ್ಲದೆ ಯೋಚಿಸಿ, ಕೈಪಿಡಿಯ ಎಲ್ಲ ಹಂತಗಳನ್ನೂ ಒಂದೇ ಕಂಪ್ಯೂಟರ್ ಕಮಾಂಡಿನೊಳಗೆ ಅಡಕಗೊಳಿಸಿದ್ದರು. ಅಂದು ಕಣ್ಣು ಮುಚ್ಚಿ ಎಂಟರ್ ಒತ್ತಿದರು. ಆರು ನಿಮಿಷಕ್ಕೆ ವ್ಯವಸ್ಥೆ ಎದ್ದು ನಿಂತಿತು. ಅಜ್ಜಿ ಕಾಗದ ಹಿಡಿದು ಹೊರಟರು. ಸಂಜೆಯೊಳಗೆ ಸಾಲೇ ಕರಗಿತು. ಸಮಿತಿಯ ಅಧ್ಯಕ್ಷರು ಏದುಸಿರು ಬಿಡುತ್ತ ಬಂದು ನೋಡಿ, "ಇಷ್ಟೇನಾ?" ಎಂದರು.

ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

1. ಎಂಟರ್ ಒತ್ತುವ ಮುನ್ನ, ಯಾವ ಬೆರಳಿನಿಂದ ಎಂಬುದನ್ನು ನಮೂನೆ-7ರಲ್ಲಿ ನಮೂದಿಸಿ ಅನುಮತಿ ಪಡೆಯತಕ್ಕದ್ದು.

2. ಸಂರಚನಾ ಕಡತದಲ್ಲಿ (ಕಾನ್ಫಿಗರೇಷನ್ ಫೈಲ್) ಅಕ್ಷರಗಳ ನಡುವೆ ಒಂದು ಖಾಲಿ ಜಾಗ ಹೆಚ್ಚಾದರೂ ವ್ಯವಸ್ಥೆ ಏಳುವುದಿಲ್ಲವೆಂದು ತಿಳಿದುಬಂದಿದೆ. ಸದರಿ ಖಾಲಿ ಜಾಗಗಳನ್ನು ಜ್ಯೇಷ್ಠತೆಯ ಆಧಾರದಲ್ಲಿ ಭರ್ತಿ ಮಾಡಲಾಗುವುದು.

3. ಮುಕ್ತ ತಂತ್ರಾಂಶದ ಮಾಲೀಕರು ಯಾರೂ ಅಲ್ಲವೆಂದು ವರದಿಯಾಗಿದೆ. ಆ ಯಾರೂ ಅಲ್ಲದವರು ಹದಿನೈದು ದಿನಗಳೊಳಗೆ ಖುದ್ದು ಹಾಜರಾಗತಕ್ಕದ್ದು.

4. "ಇಷ್ಟೇನಾ" ಎಂಬ ಪದವನ್ನು ಕಚೇರಿಯಲ್ಲಿ ನಿಷೇಧಿಸಲಾಗಿದೆ. ಅಧ್ಯಕ್ಷರದ್ದನ್ನು ಕೆಮ್ಮು ಎಂದು ದಾಖಲಿಸಲಾಗಿದೆ.

5. ತಂತ್ರಜ್ಞೆಯನ್ನು ಮುರಿದ ಕುರ್ಚಿಗಳ ಕೊಠಡಿಗೆ ವರ್ಗಾಯಿಸಲಾಗಿದೆ. ಆದೇಶ ಓದಿದ ಆಕೆ, "ಆಗ್ಲಿ ಸಾರ್. ಆದ್ರೆ ಆ ಕಮಾಂಡನ್ನ ನಿನ್ನೆನೇ ಇಂಟರ್ನೆಟ್ಟಲ್ಲಿ ಎಲ್ರಿಗೂ ಸಿಗೋ ಹಾಗೆ ಹಾಕ್ಬಿಟ್ಟೆ" ಎಂದು ಬ್ಯಾಗು ಹೆಗಲಿಗೇರಿಸಿದರು. ಈವರೆಗೆ ನಲವತ್ತು ಕಚೇರಿಗಳು ತಮ್ಮ ಸಾಲು ಕಳೆದುಕೊಂಡಿವೆ. ಹುಡುಕಿಕೊಡಲು ಉಪಸಮಿತಿ ರಚಿಸಲಾಗಿದೆ.

ಸಹಿ/-
(ರಜೆಯ ಮೇಲಿರುವ ಅಧ್ಯಕ್ಷರ ಪರವಾಗಿ)
ಪ್ರಭಾರ ಕಾರ್ಯದರ್ಶಿ

ಪ್ರತಿಗಳು:

1. ಸಮಿತಿಯ ಸದಸ್ಯರಿಗೆ, ನಿದ್ದೆಗೆ ಭಂಗ ಬಾರದಂತೆ.

2. ಕಾವಲುಗಾರರಿಗೆ, ಸಾಲು ಕಂಡಲ್ಲಿ ತಡೆದು ನಿಲ್ಲಿಸಲು.

3. ತಂತ್ರಜ್ಞೆಗೆ, ಪ್ರಿಂಟರ್ ಕೆಟ್ಟಿರುವುದರಿಂದ ದಯವಿಟ್ಟು ಒಮ್ಮೆ ಬಂದು ಹೋಗಲು.

4. ಅಜ್ಜಿಗೆ, ನಿಯಮಬಾಹಿರವಾಗಿ ಪಡೆದ ಕಾಗದವನ್ನು ಮರಳಿಸಲು ಎರಡನೇ ಬಾರಿ. ಮೊದಲ ನೋಟಿಸನ್ನು, ಆಪರೇಷನ್ ಮುಗಿಸಿ ಮನೆಗೆ ಬಂದಿರುವ ಮಗು ತಿಂದಿರುವುದಾಗಿ ಅಂಚೆಯವರು ವರದಿ ಮಾಡಿದ್ದಾರೆ.