ಮಧುನಾಶಿನಿಗೆ ಪಥ್ಯ

ರಕ್ತ ತೆಗೆಯೋ ಕೆಲಸದಲ್ಲಿ ನಗೋ ಪ್ರಸಂಗಗಳಿಗೆ ಬರವೇ ಇಲ್ಲ. ಸೂಜಿ ಕೈಗೆ ತಗೊಂಡ್ರೆ ಸಾಕು, ಎದುರಿಗಿರೋರು ಕೇಳದೇ ಇರೋದನ್ನೂ ಹೇಳ್ತಾರೆ. ತೊಂಬತ್ತರ ದಶಕದ ಕೊನೇಲಿ ಶಿರಾ ಗೇಟ್ ಹತ್ರ ಒಂದು ಕ್ಲಿನಿಕ್‌ನಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಮಧುನಾಶಿನಿ ಸೊಪ್ಪಿಗೆ ಸಕ್ಕರೆ ಕಾಯಿಲೆ ಬಗ್ಗುತ್ತಾ ಅಂತ ಪರೀಕ್ಷೆ ಮಾಡೋ ಆಸೆ ನಮ್ಮ ಡಾಕ್ಟರಿಗೆ. ಮಾತ್ರೆ ನಿಲ್ಲಿಸಬೇಡಿ, ಜೊತೆಗೆ ಈ ಪುಡಿ ತಗೊಳ್ಳಿ ಅಂತ ಒಪ್ಪಿದವರಿಗೆಲ್ಲ ಪೊಟ್ಟಣ ಕೊಟ್ರು. ಕೆಲವರದ್ದರಲ್ಲಿ ಅಸಲಿ, ಕೆಲವರದ್ದರಲ್ಲಿ ಬರೀ ದಂಟಿನ ಸೊಪ್ಪಿನ ಪುಡಿ. ಯಾರಿಗೆ ಯಾವುದು ಅಂತ ಕೊನೇವರೆಗೂ ನಮಗೂ ಗೊತ್ತಿರಲ್ಲ. ಇದನ್ನೂ ಬಿಡಿಸಿ ಹೇಳಿದ್ವಿ. ದಂಟು ಪಕ್ಕದವರಿಗೆ, ಮಧುನಾಶಿನಿ ನಮಗೆ ಅಂತ ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋದ್ರು.

ಮೇಷ್ಟ್ರ ಬೆಲ್ಲ

ಗುಬ್ಬಿಯಿಂದ ಬರ್ತಿದ್ದ ರಿಟೈರ್ಡ್ ಮೇಷ್ಟ್ರೊಬ್ಬರ ಸಕ್ಕರೆ, ತಿಂಗಳಾದ್ಮೇಲೆ ನೋಡಿದ್ರೆ, ಇಳಿಯೋದಿರಲಿ ಏರಿ ಕೂತಿತ್ತು. ಪುಡಿ ತಗೊಂಡ್ರಾ ಸಾರ್ ಅಂದೆ. ಒಂದು ದಿನಾನೂ ತಪ್ಪಿಸಿಲ್ಲ, ಅಸಲಿ ಅಂತ ಖಾತ್ರಿನೂ ಮಾಡ್ಕೊಂಡಿದೀನಿ ಅಂದ್ರು. ಮಧುನಾಶಿನಿ ನಾಲಿಗೆಗೆ ತಾಗಿದ್ರೆ ಸ್ವಲ್ಪ ಹೊತ್ತು ಸಿಹಿ ಗೊತ್ತಾಗಲ್ಲ. ಅದಕ್ಕೇ ದಿನಾ ಪುಡಿ ಬಾಯಿಗೆ ಹಾಕ್ಕೊಂಡು, ಮೇಲೊಂದು ಅಚ್ಚು ಬೆಲ್ಲ ತಿಂದು ನೋಡ್ತಿದ್ರಂತೆ.

"ಮಣ್ಣು ತಿಂದಂಗಿತ್ತಮ್ಮ," ಅಂದ್ರು ಹೆಮ್ಮೆಯಿಂದ. ಸಿಹಿ ವಾಪಸ್ ಬಂತಾ ಅಂತ ಆಗಾಗ ಇನ್ನೊಂದು ಅಚ್ಚು.

ಅಜ್ಜಿಯ ಪಥ್ಯ

ಕುಣಿಗಲ್ ಕಡೆಯ ಅಜ್ಜಿಯೊಬ್ಬರ ಚಿಂತೆ ಬೇರೆ. ಕಾಲಿನ ಹೆಬ್ಬೆರಳ ಹುಣ್ಣು ಒಣಗ್ತಾನೇ ಇರಲಿಲ್ಲ. ಸಕ್ಕರೆ ಇಳೀದಿದ್ರೆ ಬೆರಳು ತೆಗೀಬೇಕಾಗುತ್ತೆ ಅಂತ ಡಾಕ್ಟರು ಹೇಳಿದ್ರು. ಅಂಥದ್ರಲ್ಲಿ ತಿಂಗಳು ಕಳೆಯೋಷ್ಟರಲ್ಲಿ ಅಜ್ಜಿಯ ಸಕ್ಕರೆ ಸರ್ರನೆ ಇಳಿದಿತ್ತು, ಹುಣ್ಣೂ ಒಣಗ್ತಾ ಬಂದಿತ್ತು. ಏನ್ ಮಾಡಿದ್ರಿ ಅಜ್ಜಿ ಅಂದ್ರೆ, ನಾಟಿ ಔಷ್ದಿ ಅಂದ್ಮೇಲೆ ಪಥ್ಯ ಮಾಡ್ದೆ ಇರಕ್ಕಾಯ್ತದಾ ಅಂತ ನನಗೇ ಗದರಿದ್ರು. ಸಿಹಿ ಮುಟ್ಟಿರಲಿಲ್ಲ, ಅನ್ನ ಕಡಿಮೆ ಮಾಡಿದ್ರು, ಹೊತ್ತಿಗೆ ಸರಿಯಾಗಿ ಉಣ್ತಿದ್ರು. ಡಾಕ್ಟರು ವರ್ಷಗಳಿಂದ ಹೇಳ್ತಿರೋದೂ ಇದನ್ನೇ ಅಲ್ವಾ ಅಂದೆ.

"ಅದು ಇಂಗ್ಲಿಷ್ ಮಾತ್ರೆ ಕಣವ್ವ. ಒಂದು ಒಬ್ಬಟ್ಟು ತಡ್ಕೊಳ್ದೆ ಇದ್ರೆ ಅದೆಂಥಾ ಮಾತ್ರೆ?"

ನಾವು ಹೇಳೋ ರೀತಿನೇ ಸರಿ ಇಲ್ವೇನೋ ಅಂತ ಅವತ್ತೆಲ್ಲ ಯೋಚಿಸಿದೆ.

ಪೊಟ್ಟಣದ ಗುಟ್ಟು

ಪರೀಕ್ಷೆ ಮುಗಿದು ಯಾರಿಗೆ ಯಾವ ಪುಡಿ ಅಂತ ಗೊತ್ತಾಯ್ತು. ಮೇಷ್ಟ್ರದ್ದು ಅಸಲಿ. ಅಜ್ಜಿದು ದಂಟು.

ಅಜ್ಜಿಗೆ ಹೇಳಿದ್ರೆ ಪಥ್ಯ ಬಿಡ್ತಾರೆ, ಪಥ್ಯ ಬಿಟ್ರೆ ಬೆರಳು ಹೋಗುತ್ತೆ, ಹೇಳೋದೇ ಬೇಡ ಸಾರ್ ಅಂತ ಬೇಡ್ಕೊಂಡೆ. ನಂಬಿ ಬಂದವರ ಹತ್ರ ಮುಚ್ಚಿಡಕ್ಕಾಗಲ್ಲ ಅಂತ ಡಾಕ್ಟರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳೇಬಿಟ್ರು. ಅಜ್ಜಿಯ ಸಕ್ಕರೆ ಇಳಿದಿದ್ದು ಪಥ್ಯದಿಂದ ಅಂತಲೂ ಹೇಳಿದ್ರು.

ಅಜ್ಜಿ ತಮ್ಮ ಹೆಬ್ಬೆರಳನ್ನೇ ನೋಡ್ತಾ ಕೂತ್ರು. ಮೆಲ್ಲಗೆ ಆಡಿಸಿ ನೋಡಿದ್ರು.

"ದಂಟಾದ್ರೇನು, ಬೆರಳು ಉಳೀತಲ್ಲ. ಪಥ್ಯ ಬುಡಾಕಿಲ್ಲ," ಅಂದ್ರು. ಆಮೇಲೆ ಪಕ್ಕದಲ್ಲಿದ್ದ ಮೇಷ್ಟ್ರ ಕಡೆ ಮರುಕದಿಂದ ತಿರುಗಿ, "ಪಾಪ, ಇವ್ರಿಗೂ ನನ್ ಪುಡೀನೇ ಕೊಡಿ ಡಾಕ್ಟ್ರೇ," ಅಂದ್ರು.