ಗೊಂಬೆ ಮೆಟ್ಟಿಲ ಮೇಲೆ ಶಾಂಘೈ

ಆಗ ನನಗೆ ಎಪ್ಪತ್ತೊಂದು. ಈ ಮಾತಿಗೆ ಆರು ವರ್ಷವಾಯಿತು. ನನ್ನ ತಮ್ಮನಷ್ಟು ಚೀನಾ ಬಲ್ಲವರು ಇಡೀ ಬ್ರಿಸ್ಬೇನಿನಲ್ಲಿ ಇರಲಿಲ್ಲ. ಅವನು ಚೀನಾ ನೋಡಿರಲಿಲ್ಲ, ಅದು ಬೇರೆ ವಿಷಯ!

ಅಲ್ಲಿನ ರನ್‌ಕಾರ್ನ್ ಬಡಾವಣೆಯಲ್ಲಿ ಅವನ ಮಗಳ ಮನೆ. ನಾನೂ ಅಲ್ಲೇ ಇದ್ದೆ. ಪಕ್ಕದಲ್ಲಿ ಶಾಂಘೈಯಿಂದ ಬಂದ ಮುದುಕ ಮುದುಕಿ. ಮುದುಕ ಬೇಲಿಗೆ ಒರಗಿ ತನ್ನೂರಿನ ನಾನ್‌ಜಿಂಗ್ ರಸ್ತೆಯ ಫೋಟೊ ತೋರಿಸಿದ್ದೇ ಸಾಕು, ಇವನಿಗೆ ಹುಚ್ಚು ಹಿಡಿಯಿತು. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ, ಪಾರ್ಕಿನಲ್ಲಿ ಜೋಳ ಸುಡುವವರಿಗೆ, ಎಲ್ಲರಿಗೂ ಅದೇ ಕಥೆ. ಮೊದಲು ಅದು ಕುದುರೆ ರೇಸಿಗೆ ಹೋಗುವ ಹಾದಿಯಂತೆ. ಆಮೇಲೆ ದೊಡ್ಡ ದೊಡ್ಡ ಅಂಗಡಿ, ಬಣ್ಣದ ದೀಪ. ಕತ್ತಲಾದರೆ ಮುದುಕ ಮುದುಕಿಯರೂ ಬೀದಿಯಲ್ಲೇ ಜೋಡಿಯಾಗಿ ಕುಣಿಯುತ್ತಾರಂತೆ! ಹಲ್ಲಿನ ಡಾಕ್ಟರು ಬಾಯಿಗೆ ಹತ್ತಿ ತುರುಕಿದಾಗ ಮಾತ್ರ ಕಥೆ ನಿಂತಿತ್ತು. ಹತ್ತಿ ತೆಗೆದರು ನೋಡಿ, ಬಿಟ್ಟ ಕಡೆಯಿಂದಲೇ ಶುರು!

ಆ ವರ್ಷ ಪಕ್ಕದ ಮುದುಕಿ ತೀರಿಕೊಂಡಳು. ಬಾಗಿಲು ಹಾಕಿಕೊಂಡ ಮುದುಕ ಒಂದು ತಿಂಗಳಾದರೂ ಹೊರಗೆ ಬರಲಿಲ್ಲ. ತಮ್ಮ ತಟ್ಟಿದ, ಕೂಗಿದ. ಊಹೂಂ.

ಅಷ್ಟರಲ್ಲಿ ದಸರಾ ಬಂತು. ಮೈಸೂರಿನವರು ನಾವು, ಗೊಂಬೆ ಕೂರಿಸದೆ ಇರುತ್ತೇವೆಯೇ? "ಈ ಸಲ ನಾನ್ ಕೂರಿಸ್ತೀನಿ ಅಕ್ಕ" ಎಂದ. ನಾನು ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಮೆಟ್ಟಿಲ ಮೇಲೆ ಶಾಂಘೈ! ಶೂ ಡಬ್ಬಿಗಳೇ ಅಂಗಡಿ. ಪಟ್ಟದ ರಾಜ ರಾಣಿ ಡಾನ್ಸ್ ಹಾಲಿನ ಬಾಗಿಲಲ್ಲಿ. ಪ್ರತಿ ವರ್ಷ ಅಕ್ಕಿ ಬೇಳೆ ಮಾರುವ ಶೆಟ್ಟಿ ಈ ವರ್ಷ ಬಿಯರ್ ಮಾರುತ್ತಿದ್ದಾನೆ.

"ಲೋ, ಚಾಮುಂಡಿ ಎಲ್ಲೋ?"

"ಟ್ರಾಫಿಕ್ ನೋಡ್ಕೋತಿದ್ದಾಳೆ. ಅಷ್ಟೊಂದು ಕೈ ಇದೆಯಲ್ಲ!"

"ನಿನಗೆ ಬುದ್ಧಿ ನೆಟ್ಟಗಿದೆಯಾ?"

"ಇದನ್ನ ನೋಡೋಕಾದ್ರೂ ಪಕ್ಕದ ಮನೆಯವ್ರು ಬರ್ಲಿ ಅಕ್ಕ. ಇನ್ನೇನ್ ಮಾಡ್ಲಿ, ನೀನೇ ಹೇಳು."

ಮೊಮ್ಮಗಳು "ತಾತ, ದಿಸ್ ಈಸ್ ಆಸಮ್!" ಎಂದು ಅವನ ಕಡೆ ಸೇರಿಬಿಟ್ಟಳು.

ದಿನಾ ಸಂಜೆ ತಮ್ಮ ಪಕ್ಕದ ಮನೆಯ ಕಿಟಕಿಗೆ ಫೋನು ಹಿಡಿದು ನಮ್ಮ ಗೊಂಬೆ ಶಾಂಘೈಯ ಫೋಟೊ ತೋರಿಸಿದ. ಮೂರನೇ ಸಂಜೆ ಮುದುಕ ಬಂದ. ತಮ್ಮ ಶುರುಮಾಡಿದ: "ಫಸ್ಟ್, ಹಾರ್ಸ್ ರೋಡ್..."

ಮುದುಕ ಕೈ ಎತ್ತಿ ತಡೆದ. "ನೋ ಬಿಯರ್. ಕೇಕ್ ಶಾಪ್!" ಎಂದು ಶೆಟ್ಟಿಯ ಬಾಟಲಿ ಕಿತ್ತುಕೊಂಡ. ಒಂದು ಗೊಂಬೆಯನ್ನು ಬೀದಿಯ ನಡುವೆ ನಿಲ್ಲಿಸಿ "ಮೀ" ಎಂದ. ಅದರ ಪಕ್ಕ ಬೆರಳಿಟ್ಟು "ವೈಫ್" ಎಂದ. ಅಲ್ಲಿಡಲು ಗೊಂಬೆ ಹುಡುಕಿದ. ನಮ್ಮಲ್ಲಿ ರಾಣಿಯರಿದ್ದರು, ದೇವಿಯರಿದ್ದರು, ಬಿಂದಿಗೆ ಹೊತ್ತ ಹುಡುಗಿಯರಿದ್ದರು. ಮುದುಕಿ ಒಬ್ಬಳೂ ಇರಲಿಲ್ಲ. ಜಾಗ ಖಾಲಿ ಬಿಟ್ಟು ಹೊರಟುಹೋದ. ಹೋಗಿ ಮತ್ತೆ ಬಾಗಿಲು ಹಾಕಿಕೊಂಡ.

ಮರುದಿನ ಬೆಳಿಗ್ಗೆ ಚಪಾತಿಗೆ ಹಿಟ್ಟು ನಾದುವಾಗ ಒಂದು ಉಂಡೆ ತೆಗೆದಿಟ್ಟೆ. ಬೆನ್ನು ಬಾಗಿದ ಮುದುಕಿಯೊಬ್ಬಳನ್ನು ಮಾಡಿ, ಕಣ್ಣಿಗೆ ಎರಡು ಸಾಸಿವೆ ಒತ್ತಿ, ಆ ಖಾಲಿ ಜಾಗದಲ್ಲಿ ನಿಲ್ಲಿಸಿದೆ. ಹಿಟ್ಟು ಮೆತ್ತಿದ ಕೈಯಲ್ಲೇ ಹೋಗಿ ಮುದುಕನ ಬಾಗಿಲು ತಟ್ಟಿದೆ.