ಮಂಚೂರಿಯಾದವಳೇ ಬಂದರೂ ಗೋಬಿ ಆಗಲಿಲ್ಲ

ಗೋಬಿ ಮಂಚೂರಿಯನ್ ಎಂಬ ಜುಜುಬಿ ತಿಂಡಿಗಾಗಿ ನನ್ನ ಹೆಂಡತಿ ಕೊರಗುವುದೇ? ಅದೂ ಈ ಚಂದ್ರಮೋಹನ ಬದುಕಿರುವಾಗ? ಛೇ ಛೇ! ಜಪಾನಿನ ಕಾವಾಸಾಕಿ ಊರಿನ ನಮ್ಮ ಗುಬ್ಬಿಗೂಡಿನಂಥ ಫ್ಲಾಟಿನಲ್ಲಿ ಎದೆಯುಬ್ಬಿಸಿ ನಿಂತು ಘೋಷಿಸಿಯೇಬಿಟ್ಟೆ.

"ಭಾನುವಾರ ನಿಂಗೆ ಗೋಬಿ ಗ್ಯಾರಂಟಿ, ಕೋಕಿಲಾ!"

"ಸುಮ್ನಿರ್ರೀ. ಮೈಸೂರಲ್ಲಿ ನಮ್ಮಕ್ಕನೂ ನಾನೂ ಗಾಡಿ ಮುಂದೆ ನಿಂತ್ಕೊಂಡು, ಕೊನೇ ಪೀಸಿಗೆ ಕಿತ್ತಾಡ್ಕೊಂಡು ತಿಂತಿದ್ವಿ. ಅದು ಇಲ್ಲೆಲ್ಲಿ ಸಿಗತ್ತೆ?" ಎಂದವಳು ಕಿಟಕಿ ಕಡೆ ತಿರುಗಿಕೊಂಡಳು. ಊರಿಗೆ ಹೋಗಿ ಮೂರು ವರ್ಷವಾಗಿತ್ತು. ಪ್ರತಿ ಸಲವೂ ನನ್ನದೊಂದು ಪ್ರಾಜೆಕ್ಟ್ ಅಡ್ಡ ಬರುತ್ತಿತ್ತು.

ನನ್ನ ಧೈರ್ಯಕ್ಕೆ ಕಾರಣವಿತ್ತು. ಶಿನಾಗಾವಾದ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಸುನ್, ಜಪಾನಿ ಮರ್ಯಾದೆಯಲ್ಲಿ ಸುನ್ ಸಾನ್, ಚೀನಾದವಳು. ಅದರಲ್ಲೂ ಹಾರ್ಬಿನ್‌ನವಳು, ಅಂದರೆ ಸಾಕ್ಷಾತ್ ಮಂಚೂರಿಯಾದವಳು! ಅಲ್ಲಿ ಹುಟ್ಟಿದವಳಿಗೆ ಗೋಬಿ ಮಂಚೂರಿಯನ್ ಬರದಿರುತ್ತದೆಯೇ? "ನಿಮ್ಮೂರಿನ ಅಡುಗೆ ನಮ್ಮನೇಲಿ ಮಾಡಿಕೊಡಿ, ಸಸ್ಯಾಹಾರ ಮಾತ್ರ" ಎಂದು ಹರಕುಮುರುಕು ಜಪಾನಿ ಭಾಷೆಯಲ್ಲಿ ಬೇಡಿಕೊಂಡೆ. ಪಾಪ, ಅವಳ ಕಣ್ಣೇ ಒದ್ದೆಯಾಯಿತು. "ಇಲ್ಲಿಗೆ ಬಂದ ಮೇಲೆ ಯಾರೂ ಹೀಗೆ ಕೇಳಿರಲಿಲ್ಲ" ಎಂದಳು.

ಭಾನುವಾರ ಬಂದಳು. ನಾನು ಹೆಚ್ಚಿಟ್ಟ ಹೂಕೋಸನ್ನು ಮುಂದಿಟ್ಟು ಫೋನಿನಲ್ಲಿ ಗೋಬಿಯ ಫೋಟೋ ತೋರಿಸಿದೆ.

"ಇದೇನಿದು, ಚಂದ್ರ ಸಾನ್?"

"ನಿಮ್ಮೂರಿಂದೇ!"

"ನಮ್ಮೂರಲ್ಲಿ ಇದನ್ನ ಯಾರೂ ಕಂಡೇ ಇಲ್ಲ. ಇಷ್ಟೊಂದು ಕೆಂಪು ಯಾಕಿದೆ?"

ಅವಳ ಚೀಲದಿಂದ ಹೊರಬಂದದ್ದು ಮೈದಾ, ಎಲೆಕೋಸು, ತೋಫು! ಆಗ ಕೋಕಿಲಾ ನನ್ನನ್ನು ನೋಡಿದ ನೋಟಕ್ಕೆ ಅಡುಗೆ ಬೇಯಿಸಲು ಒಲೆಯೇ ಬೇಕಿರಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ನಾನೇ ಬಾಣಲೆಗೆ ಎಣ್ಣೆ ಸುರಿದೆ. ಒದ್ದೆ ಹೂಕೋಸು ಬಿದ್ದದ್ದೇ ತಡ, ಎಣ್ಣೆ ಸಿಡಿಯಿತು, ಹೊಗೆ ಎದ್ದಿತು, ಗೋಡೆಯ ಅಲಾರಂ "ಕಾಜಿ ದೆಸು! ಕಾಜಿ ದೆಸು!" ಎಂದು ಬೆಂಕಿ ಬಿತ್ತೆಂಬಂತೆ ಬೊಬ್ಬೆ ಹೊಡೆಯಿತು. ಪಕ್ಕದ ಮನೆಯ ಅಜ್ಜಿ ಬರಿಗಾಲಲ್ಲಿ ಓಡಿಬಂದರು. ಬಾಗಿಲಲ್ಲಿ ನಿಂತು ಬಗ್ಗಿ ಬಗ್ಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಕೇಳಿ ನನ್ನ ನಡು ಬಿದ್ದುಹೋಯಿತು. ಗೋಬಿ ಇದ್ದಿಲಾಗಿತ್ತು.

ಒಳಗೆ ಬಂದರೆ ಇಬ್ಬರೂ ನೆಲದ ಮೇಲೆ ಕೂತು, ಪುಟ್ಟದಾಗಿ ಲಟ್ಟಿಸಿದ ಹಿಟ್ಟಿನೊಳಗೆ ಪಲ್ಯ ತುಂಬಿ ಅಂಚು ಮಡಿಸುತ್ತಿದ್ದಾರೆ! ಕೋಕಿಲಾಳ ಬೆರಳು ಕರ್ಜಿಕಾಯಿ ಮಾಡುವಾಗಿನಂತೆಯೇ ಓಡುತ್ತಿತ್ತು.

"ಹೊಸ ವರ್ಷಕ್ಕೆ ನಮ್ಮನೇಲಿ ಅಕ್ಕ ತಂಗೀರೆಲ್ಲ ಹೀಗೇ ಕೂತ್ಕೋತೀವಿ" ಎಂದಳು ಸುನ್ ಸಾನ್. "ಈ ಸಲ ನಾನೂ ಹೋಗ್ತಿದೀನಿ."

ಕೋಕಿಲಾ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ನಾನೂ ಕಣ್ಣುಜ್ಜಿಕೊಂಡೆ. ತಪ್ಪನ್ನು ಹೊಗೆಯ ಮೇಲೆ ಹಾಕಿದೆ.

ಬೇಯಿಸಿದ ಆ ಕಡುಬುಗಳು ಬಹಳ ಚೆನ್ನಾಗಿದ್ದವು. ಅತಿಥಿ ಹೋದ ಮೇಲೆ ತಲೆ ತಗ್ಗಿಸಿ ಹೇಳಿದೆ, "ಸಾರಿ ಕಣೇ. ಮುಂದಿನ ವಾರ ಗೋಬಿ ಮತ್ತೆ ಟ್ರೈ ಮಾಡ್ತೀನಿ."

"ಅಯ್ಯೋ, ಗೋಬಿ ಯಾರಿಗ್ರೀ ಬೇಕಿತ್ತು? ನೆನಪಾಗ್ತಿದೆ ಅಂದ್ರೆ ಊರಿಗೆ ಟಿಕೆಟ್ ತರ್ತೀರೇನೋ ಅಂದ್ಕೊಂಡೆ. ನೀವು ಹೂಕೋಸು ತಂದ್ರಲ್ಲ!"